ಕಳಚಿದುದರಿಂದ ಕಟ್ಟಿದ ಜ್ಞಾನಮಂದಿರಗಳು

ಹಳೆಯ ಮನೆಯೊಂದನ್ನು ಕೆಡಹುವ ದಿನ ಅಂಗಳದಲ್ಲಿ ನಿಂತು ನೋಡಿದವರು ಆ ನೋಟವನ್ನು ಸುಲಭವಾಗಿ ಮರೆಯಲಾರರು. ಮೂರು ತಲೆಮಾರುಗಳ ಬರವು ಹೋಗವುಗಳನ್ನು ಕಂಡ ತಲೆಬಾಗಿಲು ನೆಲಕ್ಕೊರಗುತ್ತದೆ. ಪಡಸಾಲೆಯ ಸಾಗುವಾನಿ ಕಂಬಗಳು ಒಂದೊಂದಾಗಿ ಲಾರಿಗೇರುತ್ತವೆ. ಅಜ್ಜಿಯು ಮೊಮ್ಮಕ್ಕಳಿಗೆ ತೊಟ್ಟಿಲು ಕಟ್ಟುತ್ತಿದ್ದ ತೊಲೆಯ ಕೊಂಡಿಯನ್ನು ಯಾರೋ ಕಿತ್ತು ತೂಕಕ್ಕೆ ಹಾಕುತ್ತಾರೆ. ವ್ಯಾಪಾರಿ ಹೇಳಿದ ಬೆಲೆಗೆ ನಾವು ಮರುಮಾತಿಲ್ಲದೆ ಒಪ್ಪುತ್ತೇವೆ. ಕಲ್ಲು, ಹಂಚುಗಳನ್ನು ಯಾರಾದರೂ ಒಯ್ದರೆ ಸಾಕೆಂದು ಕೈಮುಗಿಯುತ್ತೇವೆ. ಅದೇ ವರ್ಷ ಊರ ಮಕ್ಕಳಿಗೆ ಕುಳಿತು ಓದುವ ಕೊಠಡಿಯೊಂದು ಬೇಕೆಂಬ ಮಾತು ಸಭೆಯಲ್ಲಿ ಬಂದಾಗ, ಹಣವೆಲ್ಲಿಂದ ತರೋಣವೆಂದು ತಲೆ ತಗ್ಗಿಸುತ್ತೇವೆ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಹಾಗೆ ನೋಡಿದವರು ಲೋಕದಲ್ಲಿದ್ದಾರೆ. ಒಂದು ಕಡೆ ಮುದುಕರೇ ಹೆಚ್ಚಾಗಿರುವ ಬೆಟ್ಟದ ಊರು. ಇನ್ನೊಂದು ಕಡೆ ಬಡತನದಲ್ಲಿ ಬೆಂದ ಕರಿಯ ಜನರ ಹಳ್ಳಿ. ಮತ್ತೊಂದು ನಮ್ಮ ನೆರೆಯ ಕೇರಳದ ವಿದ್ಯಾಕೇಂದ್ರ. ಈ ಮೂರು ಕಡೆಯೂ ಬಿಸುಟ ವಸ್ತುಗಳಿಂದಲೇ ಜನರು ಕೂಡುವ, ಕಲಿಯುವ ಮಂದಿರಗಳು ಎದ್ದು ನಿಂತವು. ಅವುಗಳ ವೃತ್ತಾಂತವನ್ನು ನಮ್ಮ ಓದುಗ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಇದರಲ್ಲಿ ಉಳಿತಾಯದ ಪಾಠವಿದೆ, ನಿಜ. ಆದರೆ ಅದಕ್ಕಿಂತ ದೊಡ್ಡದಾದ ಪ್ರಶ್ನೆಯೊಂದಿದೆ. ಹಳೆಯದನ್ನು ಬಳಸಿ ಕಟ್ಟಿದ ಶಾಲೆಯು ಕೀಳೆ? ಬಡವರ ಮಕ್ಕಳಿಗೆ ನಾವು ಬಳಸಿ ಬಿಟ್ಟುದನ್ನು ಕೊಟ್ಟಂತಾಗುವುದಿಲ್ಲವೆ?

ಏಳುನೂರು ಕಿಟಕಿಗಳ ಊರು

ಜಪಾನಿನ ಶಿಕೊಕು ದ್ವೀಪದ ತೊಕುಶಿಮಾ ಪ್ರಾಂತದಲ್ಲಿ ಕಮಿಕತ್ಸು ಎಂಬ ಬೆಟ್ಟದ ಊರಿದೆ. ಸುತ್ತಲೂ ದೇವದಾರಿನಂಥ ಸೂಚೀಪರ್ಣ ಮರಗಳ ಕಾಡು. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗದ್ದೆಗಳು. ಒಂದು ಕಾಲಕ್ಕೆ ಆರು ಸಾವಿರಕ್ಕೂ ಮಿಕ್ಕಿದ್ದ ಜನಸಂಖ್ಯೆ ಈಗ 1,500ಕ್ಕಿಂತಲೂ ಕೆಳಗಿಳಿದಿದೆ; ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವೃದ್ಧರು. ಮಕ್ಕಳು ಓದಿ ಪಟ್ಟಣ ಸೇರಿದರು, ಹೆತ್ತವರು ಬೆಟ್ಟದಲ್ಲಿ ಉಳಿದರು. ಈ ಕಥೆ ನಮ್ಮ ಯಾವ ಹಳ್ಳಿಗೆ ಹೊಸದು?

1981ರ ತೀವ್ರ ಚಳಿಯಲ್ಲಿ ಅಲ್ಲಿನ ಕಿತ್ತಳೆ ಜಾತಿಯ ತೋಟಗಳು ಸತ್ತುಹೋದವು. ಊರಿನ ಜೀವನಾಧಾರವೇ ಕುಸಿದಂತಾಯಿತು. ಆಗ ಕೃಷಿ ಸಹಕಾರ ಸಂಘದ ಉದ್ಯೋಗಿಯಾಗಿದ್ದ ತೊಮೊಜಿ ಯೊಕೊಯಿಶಿ ಎಂಬುವರು ಹೊಸ ದಾರಿಯೊಂದನ್ನು ಕಂಡುಹಿಡಿದರು. ಜಪಾನಿನ ಭೋಜನಾಲಯಗಳಲ್ಲಿ ಊಟದ ತಟ್ಟೆಯನ್ನು ಋತುವಿಗೆ ತಕ್ಕ ಎಲೆ ಹೂಗಳಿಂದ ಅಲಂಕರಿಸುವ ಸಂಪ್ರದಾಯವಿದೆ. ಕಾಡಿನಲ್ಲಿ ಉದುರಿ ಕೊಳೆಯುವ ಆ ಎಲೆಗಳನ್ನೇ ಊರಿನ ಅಜ್ಜಿಯರು ಆರಿಸಿ, ಅಂದವಾಗಿ ಕಟ್ಟಿ ಮಾರಲಿ ಎಂದರು. 1986ರಲ್ಲಿ ಆರಂಭವಾದ ಈ ಉದ್ಯಮವು ಎಪ್ಪತ್ತು, ಎಂಬತ್ತು ವರ್ಷದ ಮಹಿಳೆಯರ ಕೈಗೆ ಸ್ವಂತ ದುಡಿಮೆಯ ಹಣವನ್ನು ತಂದಿತು. ಯಾರೂ ಬೇಡವೆಂದುದರಲ್ಲಿ ಬೆಲೆಯಿದೆ ಎಂಬ ಅರಿವು ಆ ಊರಿಗೆ ಹೀಗೆ ಮೊದಲೇ ಬಂದಿತ್ತು.

ಮುಂದಿನ ಸಂಕಟ ಕಸದ್ದು. ಎಷ್ಟೋ ವರ್ಷ ಊರಿನ ಕಸವನ್ನು ಬಯಲಿನಲ್ಲಿ ಸುಡುತ್ತಿದ್ದರು. 1990ರ ದಶಕದ ಕೊನೆಯಲ್ಲಿ ಸಣ್ಣ ದಹನ ಕುಲುಮೆಗಳನ್ನು ಸ್ಥಾಪಿಸಿದರಾದರೂ, ಹೊಗೆಯಲ್ಲಿನ ಡಯಾಕ್ಸಿನ್ ವಿಷದ ಬಗೆಗೆ ಸರ್ಕಾರದ ನಿಯಮಗಳು ಬಿಗಿಯಾದುದರಿಂದ ಕೆಲವೇ ವರ್ಷಗಳಲ್ಲಿ ಅವುಗಳನ್ನು ಮುಚ್ಚಬೇಕಾಯಿತು. ದೊಡ್ಡ ಕುಲುಮೆ ಕಟ್ಟಲು ಪಂಚಾಯಿತಿಯಲ್ಲಿ ಹಣವಿರಲಿಲ್ಲ. ಉಳಿದುದು ಒಂದೇ ದಾರಿ: ಸುಡಬೇಕಾದುದನ್ನೇ ಇಲ್ಲವಾಗಿಸುವುದು. 2003ರಲ್ಲಿ ಕಮಿಕತ್ಸು ಶೂನ್ಯ ತ್ಯಾಜ್ಯದ ಘೋಷಣೆಯನ್ನು ಮಾಡಿತು. ಜಪಾನಿನಲ್ಲಿ ಹೀಗೆ ಘೋಷಿಸಿದ ಮೊದಲ ಊರು ಅದೇ. 2020ರ ಹೊತ್ತಿಗೆ ಸುಡುವ, ಹೂಳುವ ಕಸವೇ ಇರಬಾರದೆಂಬುದು ಸಂಕಲ್ಪ.

ಕಸದ ಗಾಡಿ ಆ ಊರಿನಲ್ಲಿ ಮನೆಮನೆಗೆ ಬರುವುದಿಲ್ಲ. ಮನೆಯವರೇ ತೊಳೆದು, ಒಣಗಿಸಿ, ಕೇಂದ್ರಕ್ಕೆ ತಂದು, ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸಿ ಇಡಬೇಕು. ಕಾಗದದಲ್ಲಿಯೇ ಹಲವು ಜಾತಿ; ಸೀಸೆಗಳು ಬಣ್ಣಕ್ಕೊಂದರಂತೆ ಬೇರೆ ಬೇರೆ. ಅಡಿಗೆಮನೆಯ ಹಸಿಕಸ ಮನೆಯ ಹಿತ್ತಿಲಿನಲ್ಲಿಯೇ ಗೊಬ್ಬರವಾಗಬೇಕು. ಆರಂಭದಲ್ಲಿ ಗೊಣಗಿದವರು ಬಹಳ. ವಯಸ್ಸಾದವರು ಇಷ್ಟು ಶ್ರಮ ಪಡುವುದು ಹೇಗೆಂದು ಕೇಳಿದವರೂ ಇದ್ದರು. ನೆರೆಯವರು ವೃದ್ಧರ ಕಸವನ್ನು ತಮ್ಮ ಗಾಡಿಯಲ್ಲಿ ಒಯ್ಯತೊಡಗಿದರು. ವಿಂಗಡಿಸುವ ತಾಣವು ನಿಧಾನವಾಗಿ ಊರಿನ ಹರಟೆಕಟ್ಟೆಯಾಯಿತು. ಒಬ್ಬರಿಗೆ ಬೇಡವಾದ ಪಾತ್ರೆ, ಬಟ್ಟೆ, ಆಟಿಕೆಗಳನ್ನು ಇಟ್ಟುಹೋಗುವ, ಇನ್ನೊಬ್ಬರು ದುಡ್ಡಿಲ್ಲದೆ ಒಯ್ಯುವ ಅಂಗಡಿಯೊಂದು ಅಲ್ಲಿ ತೆರೆಯಿತು. ಹಳೆಯ ಕಿಮೊನೊ ಬಟ್ಟೆಗಳನ್ನು ಹೊಲಿದು ಚೀಲ, ಗೊಂಬೆಗಳನ್ನು ಮಾಡುವ ಅಜ್ಜಿಯರ ಕೈಕಸುಬಿನ ಕೇಂದ್ರವೂ ಹುಟ್ಟಿತು.

ಹೀಗೆ ಹದಿನೇಳು ವರ್ಷಗಳ ಸಾಧನೆಯ ತರುವಾಯ 2020ರಲ್ಲಿ ಕಮಿಕತ್ಸು ಶೂನ್ಯ ತ್ಯಾಜ್ಯ ಕೇಂದ್ರದ ಹೊಸ ಕಟ್ಟಡವು ತೆರೆಯಿತು. ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಹಿರೋಶಿ ನಕಮುರಾ. ಅದರಲ್ಲಿ ವಿಂಗಡಣೆಯ ತಾಣವಿದೆ, ಪುಕ್ಕಟೆ ವಿನಿಮಯದ ಅಂಗಡಿಯಿದೆ, ಊರವರು ಕೂಡುವ ಸಭಾಂಗಣವಿದೆ, ಹೊರಗಿನಿಂದ ಬಂದವರು ಕಲಿಯುವ, ಚರ್ಚಿಸುವ ಕೊಠಡಿಗಳಿವೆ, ನಾಲ್ಕು ಕೋಣೆಗಳ ಪುಟ್ಟ ಅತಿಥಿಗೃಹವಿದೆ. ಆಕಾಶದಿಂದ ನೋಡಿದರೆ ಕಟ್ಟಡದ ಆಕಾರ ಒಂದು ಪ್ರಶ್ನಾರ್ಥಕ ಚಿಹ್ನೆ. ಏಕೆ ಕೊಳ್ಳುತ್ತೇವೆ, ಏಕೆ ಬಿಸುಡುತ್ತೇವೆ ಎಂಬುದೇ ಆ ಪ್ರಶ್ನೆ.

ಕಟ್ಟಡದ ಮೈತುಂಬ ಕಿಟಕಿಗಳು. ಸುಮಾರು 700 ಹಳೆಯ ಕಿಟಕಿಗಳನ್ನು ಊರವರು ತಮ್ಮ ಮನೆಗಳಿಂದ, ಪಾಳುಬಿದ್ದ ಕಟ್ಟಡಗಳಿಂದ ಕೊಟ್ಟರು. ಒಂದರ ಅಳತೆ ಇನ್ನೊಂದಕ್ಕಿಲ್ಲ. ಒಂದರ ಬಣ್ಣ ಇನ್ನೊಂದಕ್ಕೆ ಹೊಂದದು. ಸಾಮಾನ್ಯ ರೀತಿಯಲ್ಲಿ ಮೊದಲು ನಕ್ಷೆ ಬರುತ್ತದೆ, ಅನಂತರ ಅದಕ್ಕೆ ತಕ್ಕ ಸಾಮಗ್ರಿ ಬರುತ್ತದೆ. ಇಲ್ಲಿ ಕ್ರಮ ತಿರುಗುಮುರುಗಾಯಿತು. ಬಂದ ಕಿಟಕಿಗಳನ್ನೆಲ್ಲ ದುರಸ್ತಿ ಮಾಡಿ, ಅಳೆದು, ಅವು ಹೇಗೆ ಕೂಡಿಕೊಳ್ಳುತ್ತವೆಯೋ ಹಾಗೆ ಗೋಡೆಯನ್ನು ರೂಪಿಸಿದರು. ಒಡೆದ ಗಾಜು, ಪಿಂಗಾಣಿಯ ಚೂರುಗಳನ್ನು ಗಾರೆಯಲ್ಲಿ ಬೆರೆಸಿ ಉಜ್ಜಿ ನೆಲವನ್ನು ಮಾಡಿದರು. ಅಣಬೆ ಕಾರ್ಖಾನೆಯೊಂದರಲ್ಲಿ ಬಳಕೆಯಲ್ಲಿದ್ದ ಪೆಟ್ಟಿಗೆಗಳು ಪುಸ್ತಕದ ಕಪಾಟುಗಳಾದವು. ಕಂಬ ತೊಲೆಗಳಿಗೆ ಊರಿನ ಕಾಡಿನ ಮರವನ್ನೇ ಬಳಸಿದರು. ಚೌಕ ಮಾಡುವಾಗ ವ್ಯರ್ಥವಾಗುವ ಭಾಗ ಕಡಿಮೆಯಾಗಲೆಂದು ದಿಮ್ಮಿಗಳ ಸಹಜ ಆಕಾರವನ್ನು ಆದಷ್ಟು ಉಳಿಸಿಕೊಂಡರು. ಜೋಡಣೆಯನ್ನು ಬೋಲ್ಟುಗಳಿಂದ ಮಾಡಿದರು. ಮುಂದೊಂದು ದಿನ ಈ ಕಟ್ಟಡವೂ ಕಳಚಬೇಕಾದಾಗ ಮರವು ಸೀಳದೆ ಕೈಗೆ ಬರಲಿ ಎಂಬ ದೂರದೃಷ್ಟಿ ಅದು. ನಮ್ಮ ಹಿರಿಯರು ಕಂಬ ಬೋದಿಗೆಗಳನ್ನು ಮೊಳೆಯಿಲ್ಲದೆ ಕುಳಿ ಗೂಟಗಳಿಂದ ಕೂಡಿಸುತ್ತಿದ್ದ ವಿದ್ಯೆಯೂ ಇದೇ ಬಗೆಯದು.

ಆ ಊರಿನ ಮುದುಕಿಯೊಬ್ಬಳು ಕೇಂದ್ರದ ಎದುರು ನಿಂತರೆ, ಏಳುನೂರರಲ್ಲಿ ತನ್ನ ಮನೆಯ ಕಿಟಕಿ ಯಾವುದೆಂದು ಬೆರಳಿಟ್ಟು ತೋರಬಲ್ಲಳು. ಹೊಸ ಗಾಜಿನ ಕಟ್ಟಡಕ್ಕೆ ಎಷ್ಟು ಹಣ ಸುರಿದರೂ ಈ ನಂಟು ಬರುವುದಿಲ್ಲ.

ಅತಿಥಿಗೃಹದ ಒಂದು ನಿಯಮವು ನಮ್ಮ ಗೃಹಿಣಿಯರಿಗೆ ಮೆಚ್ಚಿಕೆಯಾಗುವಂಥದು. ಬಂದವರು ತಮಗೆಷ್ಟು ಬೇಕೋ ಅಷ್ಟೇ ಸಾಬೂನನ್ನು ಗಟ್ಟಿಯಿಂದ ಕೊಯ್ದುಕೊಳ್ಳಬೇಕು. ಹೋಗುವಾಗ ತಮ್ಮ ಕಸವನ್ನು ತಾವೇ ವಿಂಗಡಿಸಬೇಕು. ಉಪನ್ಯಾಸವಿಲ್ಲದೆ ಪಾಠವಾಗುತ್ತದೆ.

ಸತ್ಯವನ್ನು ಮುಚ್ಚಿಡಬಾರದು. 2020ರ ಸಂಕಲ್ಪ ಪೂರ್ಣವಾಗಿ ಈಡೇರಲಿಲ್ಲ. ಊರಿನ ಕಸದಲ್ಲಿ ಸುಮಾರು ಶೇ. 80ರಷ್ಟು ಮರುಬಳಕೆಯಾಗುತ್ತದೆ, ಜಪಾನಿನ ಒಟ್ಟು ಸರಾಸರಿ ಶೇ. 20ರ ಆಸುಪಾಸಿನಲ್ಲಿದೆ. ಉಳಿದ ಐದನೆಯ ಒಂದು ಭಾಗ, ಅಂದರೆ ಮಕ್ಕಳ ಒರೆಬಟ್ಟೆ, ಹಲವು ವಸ್ತು ಅಂಟಿಸಿ ಮಾಡಿದ ಪಾದರಕ್ಷೆ ಮುಂತಾದವು, ಬೇರ್ಪಡಿಸಲು ಬಾರದೆ ಉಳಿದುಬಿಟ್ಟವು. ತಯಾರಿಸುವವರೇ ಬದಲಾಗದೆ ಊರಿನವರು ಮಾತ್ರ ಶ್ರಮಿಸಿದರೆ ಸಾಲದೆಂಬುದನ್ನು ಒಪ್ಪಿಕೊಂಡು, ಊರು 2020ರಲ್ಲಿ ತನ್ನ ಸಂಕಲ್ಪವನ್ನು 2030ರವರೆಗೆ ನವೀಕರಿಸಿತು. ಸೋಲನ್ನು ಲೆಕ್ಕವಿಟ್ಟು ಹೇಳುವ ಈ ಪ್ರಾಮಾಣಿಕತೆಯೂ ಒಂದು ವಿದ್ಯೆಯೇ.

ಬಡವರಿಗೂ ಅಂದದ ಹಕ್ಕಿದೆ

ಎರಡನೆಯ ವೃತ್ತಾಂತ ಅಮೆರಿಕದ ಅಲಬಾಮಾ ರಾಜ್ಯದ್ದು. ಅಲ್ಲಿನ ಹೇಲ್ ಜಿಲ್ಲೆ ಹತ್ತಿಯ ಸೀಮೆ. ಗುಲಾಮಗಿರಿ ಅಳಿದ ಮೇಲೂ ಕರಿಯ ಜನರ ಬಡತನ ಅಳಿಯಲಿಲ್ಲ. ಸಿರಿವಂತ ದೇಶದ ನಡುವೆಯೇ ತಗಡು ಹಲಗೆಗಳ ಗುಡಿಸಲುಗಳಲ್ಲಿ, ನಲ್ಲಿನೀರೂ ಇಲ್ಲದೆ ಬದುಕುವ ಕುಟುಂಬಗಳು ಅಲ್ಲಿದ್ದವು. 1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು, ಸ್ಯಾಮ್ಯುಯೆಲ್ ಮಾಕ್‌ಬಿ ಮತ್ತು ಡಿ. ಕೆ. ರೂತ್, ಅಲ್ಲಿ ರೂರಲ್ ಸ್ಟುಡಿಯೋ ಎಂಬ ಕಲಿಕೆಯ ಕೇಂದ್ರವನ್ನು ಆರಂಭಿಸಿದರು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಕಾಗದದ ಮೇಲೆ ಮಾತ್ರ ಕಟ್ಟದೆ, ಹಳ್ಳಿಗೆ ಬಂದು ನೆಲೆಸಿ, ಬಡ ಕುಟುಂಬಗಳೊಡನೆ ಕುಳಿತು ಮಾತನಾಡಿ, ತಮ್ಮ ಕೈಯಿಂದಲೇ ಮನೆ, ಪ್ರಾರ್ಥನಾಲಯ, ಸಮುದಾಯ ಕೇಂದ್ರಗಳನ್ನು ಕಟ್ಟಬೇಕು ಎಂಬುದು ಅದರ ಕ್ರಮ.

ಹಣ ಕಡಿಮೆ. ಆದುದರಿಂದ ಬಿಸುಟುದನ್ನು ಹುಡುಕುವುದು ವಿದ್ಯಾರ್ಥಿಗಳ ಮೊದಲ ಪಾಠವಾಯಿತು. 1994ರಲ್ಲಿ ಹುಲ್ಲಿನ ಹೊರೆಗಳನ್ನು ಇಟ್ಟಿಗೆಯಂತೆ ಪೇರಿಸಿ, ಮೇಲೆ ಗಾರೆ ಬಳಿದು ಒಂದು ವೃದ್ಧ ದಂಪತಿಗಳಿಗೆ ಮನೆ ಕಟ್ಟಿದರು. ದಪ್ಪ ಹುಲ್ಲಿನ ಗೋಡೆ ಚಳಿ ಸೆಕೆಗಳೆರಡನ್ನೂ ತಡೆಯಿತು. 1995ರಲ್ಲಿ ಸುಮಾರು ಸಾವಿರ ಸವೆದ ಟಯರುಗಳಲ್ಲಿ ಮಣ್ಣು ತುಂಬಿ, ಗಟ್ಟಿಯಾಗಿ ಬಡಿದು, ಒಂದರ ಮೇಲೊಂದು ಇಟ್ಟು ಗಿಲಾವು ಮಾಡಿ ಪ್ರಾರ್ಥನಾ ಮಂದಿರವೊಂದರ ಗೋಡೆಗಳನ್ನು ಎಬ್ಬಿಸಿದರು. ಟಯರು ಕೊಳೆಯದು, ಗೆದ್ದಲಿಗೂ ಬೇಡ. ಬೆಂಕಿ ಬಿದ್ದರೆ ಮಾತ್ರ ಅಪಾಯ. ಆದರೆ ಒಳಗೆ ಮಣ್ಣು, ಹೊರಗೆ ಗಾರೆ ಇದ್ದುದರಿಂದ ಗಾಳಿಯಾಡದೆ ಆ ಭಯವೂ ಕಡಿಮೆಯಾಯಿತು.

2000ದಲ್ಲಿ ಮೇಸನ್ಸ್ ಬೆಂಡ್ ಎಂಬ ಪುಟ್ಟ ಹಳ್ಳಿಯಲ್ಲಿ ಎದ್ದ ಸಮುದಾಯ ಕೇಂದ್ರವು ಇವೆಲ್ಲಕ್ಕಿಂತ ಹೆಸರಾಯಿತು. ಅದನ್ನು ಕಟ್ಟಿದವರು ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು. ಊರಿನ ಮಣ್ಣಿಗೆ ಮರಳು ಬೆರೆಸಿ ಅಚ್ಚಿನೊಳಗೆ ಧಮ್ಮಸ್ಸು ಮಾಡಿ ತಗ್ಗಾದ ದಪ್ಪ ಗೋಡೆಗಳನ್ನು ಎಬ್ಬಿಸಿದರು. ಮೇಲ್ಛಾವಣಿಗೆ ಗಾಜು ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ಅವರಲ್ಲೊಬ್ಬನು ಶಿಕಾಗೋ ನಗರದ ಹಳೆಯ ವಾಹನಗಳ ರಾಶಿಗೆ ಹೋಗಿ, ಶೆವ್ರೊಲೆ ಕಂಪನಿಯ ಕ್ಯಾಪ್ರಿಸ್ ಕಾರುಗಳ 80 ಮುಂಗಾಜುಗಳನ್ನು 120 ಡಾಲರಿಗೆ ಕೊಂಡು ತಂದನು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಸರಿದು ಕುಳಿತ ಆ ಗಾಜುಗಳ ಮೂಲಕ ಬೆಳಕು ಮಣ್ಣಿನ ಗೋಡೆಗಳ ಮೇಲೆ ಇಳಿಯಿತು.

ಕಾರಿನ ಮುಂಗಾಜನ್ನೇ ಆರಿಸಿದುದರಲ್ಲಿ ಜಾಣ್ಮೆಯಿದೆ. ಅದು ಎರಡು ಪದರ ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಬೆಸೆದುದು. ಏಟು ಬಿದ್ದು ಒಡೆದರೂ ಚೂರುಗಳು ಆ ಹಾಳೆಗೇ ಅಂಟಿಕೊಂಡಿರುತ್ತವೆ. ಕೆಳಗಿರುವವರ ತಲೆಯ ಮೇಲೆ ಉದುರುವುದಿಲ್ಲ. ಹಳೆಯ ವಸ್ತುವನ್ನು ಬಳಸುವವರು ಅದರ ಗುಣವನ್ನು ಅರಿತು ಬಳಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮಾಕ್‌ಬಿಯವರ ನಿಲುವು ಸ್ಪಷ್ಟವಾಗಿತ್ತು. ಬಡವರಿಗೆ ಬರಿಯ ಆಸರೆ ಸಾಲದು, ಅಂದವೂ ಬೇಕು. ಅವರ ಮನೆಯೂ, ಅವರ ಸಭಾಂಗಣವೂ ಮನಸ್ಸನ್ನು ಮೇಲೆತ್ತುವಂತಿರಬೇಕು. ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರ ಇಲ್ಲಿ ದೊರೆಯುತ್ತದೆ. ಹಳೆಯದನ್ನು ಇದ್ದಂತೆ ಎಸೆದು, ಇಷ್ಟು ಸಾಕು ನಿಮಗೆ ಎಂದರೆ ಅದು ಅವಮಾನ. ಅದೇ ಹಳೆಯದನ್ನು ಶ್ರಮಪಟ್ಟು ಶುದ್ಧಗೊಳಿಸಿ, ಬುದ್ಧಿವಂತಿಕೆಯಿಂದ ಜೋಡಿಸಿ, ನಮ್ಮ ಮನೆಗೂ ಇಂಥದು ಬೇಕಿತ್ತು ಎನಿಸುವಂತೆ ಮಾಡಿಕೊಟ್ಟರೆ ಅದು ಗೌರವ. ವಸ್ತು ಒಂದೇ, ಕೊಡುವ ಭಾವ ಬೇರೆ.

2000ದಲ್ಲಿ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಗೌರವಕ್ಕೆ ಪಾತ್ರರಾದ ಮಾಕ್‌ಬಿಯವರು 2001ರ ಡಿಸೆಂಬರಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಸಂಸ್ಥೆ ನಿಲ್ಲಲಿಲ್ಲ. ಅದು ಈವರೆಗೆ ಕೈಗೊಂಡ ಕಾರ್ಯಗಳು 200ಕ್ಕೂ ಹೆಚ್ಚು. 2013ರಲ್ಲಿ, ಇನ್ನೂರು ಜನರೂ ಇಲ್ಲದ ನ್ಯೂಬರ್ನ್ ಊರಿನಲ್ಲಿ, ಬಳಕೆ ತಪ್ಪಿದ್ದ ಹಳೆಯ ಬ್ಯಾಂಕ್ ಕಟ್ಟಡವನ್ನು ವಿದ್ಯಾರ್ಥಿಗಳು ಗ್ರಂಥಾಲಯವಾಗಿ ಪರಿವರ್ತಿಸಿದರು. ಹಣವನ್ನು ಕಾಯುತ್ತಿದ್ದ ಗೋಡೆಗಳು ಈಗ ಪುಸ್ತಕಗಳನ್ನು ಕಾಯುತ್ತಿವೆ. ಹೇಲ್ ಜಿಲ್ಲೆಯ ಬಡತನ ಇದರಿಂದ ಅಳಿಯಿತೆಂದು ಹೇಳಲಾಗದು. ಆದರೆ ಓದಲು ಬಂದ ಯುವಕರು ತಾವು ನೋಡದಿದ್ದ ಒಂದು ಬದುಕನ್ನು ನೋಡಿದರು.

ಚಿಂದಿಯ ಪಾದರಕ್ಷೆ, ಒಡಕು ಹಂಚಿನ ಛಾವಣಿ

ಮೂರನೆಯ ವೃತ್ತಾಂತ ನಮಗೆ ಹತ್ತಿರದ್ದು. ಲಾರಿ ಬೇಕರ್ ಹುಟ್ಟಿದುದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ರೋಗಿಗಳ ಸೇವೆ ಮಾಡಿ ಊರಿಗೆ ಮರಳುವ ದಾರಿಯಲ್ಲಿ, ಹಡಗಿಗಾಗಿ ಮುಂಬಯಿಯಲ್ಲಿ ಕೆಲಕಾಲ ಕಾಯಬೇಕಾಯಿತು. ಅಲ್ಲಿ ಗಾಂಧೀಜಿಯವರ ದರ್ಶನವಾಯಿತು. ಬೇಕರ್ ಚೀನಾದ ರೀತಿಯಲ್ಲಿ ಬಟ್ಟೆಯ ಚಿಂದಿಗಳಿಂದ ಮಾಡಿದ ಪಾದರಕ್ಷೆಗಳನ್ನು ತೊಟ್ಟಿದ್ದರು. ಗಾಂಧೀಜಿಯವರ ಕಣ್ಣು ಅವುಗಳ ಮೇಲೆ ಬಿತ್ತು. ಮಾತು ಅಲ್ಲಿಂದ ಬೆಳೆಯಿತು. ಮನೆ ಕಟ್ಟುವ ಸಾಮಗ್ರಿಯೆಲ್ಲವೂ ನಿವೇಶನದ ಐದು ಮೈಲಿಯ ಸುತ್ತಳತೆಯಲ್ಲಿಯೇ ದೊರೆಯಬೇಕೆಂಬ ಗಾಂಧೀಜಿಯವರ ವಿಚಾರವನ್ನು ಬೇಕರ್ ಬದುಕಿನುದ್ದಕ್ಕೂ ಹಿಡಿದು ನಡೆದರು.

1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟಲು ಭಾರತಕ್ಕೆ ಬಂದ ಅವರು, ಕೇರಳದವರಾದ ವೈದ್ಯೆ ಎಲಿಜಬೆತ್ ಅವರನ್ನು ವಿವಾಹವಾಗಿ, ಹಿಮಾಲಯದ ಪಿತೋರಾಗಢದಲ್ಲಿ ಹಲವು ವರ್ಷ ಸೇವೆ ಮಾಡಿ, ಕಡೆಗೆ ತಿರುವನಂತಪುರದಲ್ಲಿ ನೆಲೆಸಿದರು. ಅಲ್ಲಿ 1971ರಲ್ಲಿ ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಅವರ ನೇತೃತ್ವದಲ್ಲಿ ಆರಂಭವಾದ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳನ್ನು ಬೇಕರ್ ರೂಪಿಸಿದರು. ಇಟ್ಟಿಗೆಯ ಜಾಲಂಧ್ರಗಳ ಮೂಲಕ ಗಾಳಿ ಬೆಳಕುಗಳು ಧಾರಾಳವಾಗಿ ಆಡುವ ಆ ಸಂಕೀರ್ಣವನ್ನು ನೋಡಿದವರಿಗೆ ಅಲ್ಪವೆಚ್ಚದ ಕಟ್ಟಡವೆಂದರೆ ಬಡಕಲು ಕಟ್ಟಡವಲ್ಲ ಎಂಬುದು ಮನವರಿಕೆಯಾಗುತ್ತದೆ. ಕೆಡವಿದ ಮನೆಗಳ ಮರಮುಟ್ಟು, ಒಡೆದ ಹಂಚು, ಬಿಸುಟ ಸೀಸೆ, ಇವಾವುದನ್ನೂ ಬೇಕರ್ ಕಸವೆಂದು ಎಣಿಸಲಿಲ್ಲ. ಗೋಡೆಯಲ್ಲಿ ಹುದುಗಿಸಿದ ಬಣ್ಣದ ಸೀಸೆಗಳು ಬೆಳಕಿನ ಕಿಂಡಿಗಳಾದವು. ಹಂಚಿನ ಚೂರುಗಳು ನೆಲದ ಚಿತ್ತಾರವಾದವು.

ಅವರು ಪ್ರಚುರಪಡಿಸಿದ ಛಾವಣಿಯ ಕ್ರಮವೊಂದನ್ನು ಇಲ್ಲಿ ವಿವರಿಸುವುದು ಉಚಿತ. ಏಕೆಂದರೆ ಅದರಲ್ಲಿ ಕನ್ನಡ ನಾಡಿನ ಪಾಲಿದೆ. ಆರ್‌ಸಿಸಿ ಛಾವಣಿಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಒತ್ತಡವನ್ನು ಕಾಂಕ್ರೀಟು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳುವುದು ಕಬ್ಬಿಣದ ಸರಳುಗಳ ಕೆಲಸ. ಹಾಗಾದರೆ ಕೆಳಭಾಗದಲ್ಲಿ ಸರಳುಗಳ ನಡುವೆ ತುಂಬಿದ ಕಾಂಕ್ರೀಟಿನ ಬಹುಪಾಲು ಬರಿಯ ಭಾರ. ಆ ಜಾಗದಲ್ಲಿ ಮಾರಾಟಕ್ಕೆ ಬಾರದ ಮಂಗಳೂರು ಹಂಚುಗಳನ್ನು ಜೋಡಿಯಾಗಿ ಇಟ್ಟರೆ ಕಾಂಕ್ರೀಟು ಗಣನೀಯವಾಗಿ ಉಳಿಯುತ್ತದೆ, ಛಾವಣಿ ಹಗುರವಾಗುತ್ತದೆ, ಜೋಡಿ ಹಂಚುಗಳ ನಡುವಿನ ಗಾಳಿ ಸೆಕೆಯನ್ನು ತಡೆಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಾಗ, ಅಲ್ಲಿಂದ ಹೊರಟ ಹಂಚು ಇಳಿಜಾರು ಮಾಡಿನಿಂದ ಇಳಿದ ಮೇಲೂ ಹೀಗೆ ಇನ್ನೊಂದು ಜನ್ಮ ಪಡೆದೀತೆಂದು ಯಾರೂ ಎಣಿಸಿರಲಾರರು. ಆದರೆ ಈ ಛಾವಣಿಗೆ ಬಲ್ಲ ಇಂಜಿನಿಯರರ ಲೆಕ್ಕಾಚಾರ ಬೇಕೇ ಬೇಕು. ನೋಡಿ ಕಲಿತು ಮಾಡುವ ಕೆಲಸವಲ್ಲ.

1990ರಲ್ಲಿ ಪದ್ಮಶ್ರೀ ಪಡೆದ ಬೇಕರ್ ಅವರು 2007ರ ಏಪ್ರಿಲ್ 1ರಂದು ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಾರ್ಗದರ್ಶನದ ಇನ್ನೊಂದು ಫಲವೂ ಸ್ಮರಣೀಯ. ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರವು, ದಕ್ಷಿಣದ ರಾಜ್ಯಗಳಲ್ಲಿ ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಕೊಂಡು, ಬಿಚ್ಚಿ, ತಂದು ಮತ್ತೆ ನಿಲ್ಲಿಸಿದ ಕಲಿಕೆಯ ತಾಣ. ಶಾಲಾಮಕ್ಕಳು ಅಲ್ಲಿ ಕುಂಬಾರಿಕೆ, ನೇಯ್ಗೆಗಳನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಅಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಇಳಕಲ್ಲಿನ ಸೀರೆಯನ್ನುಟ್ಟ ನಮ್ಮ ತಾಯಂದಿರು ಆ ಕಡೆ ಹೋದಾಗ ಒಮ್ಮೆ ಆ ಮನೆಯ ಹೊಸ್ತಿಲನ್ನು ದಾಟಿ ಬರಲಿ.

ಮನಸ್ಸಿನ ಅಳುಕು, ಕೈಯ ಎಚ್ಚರ

ಇಷ್ಟನ್ನು ಓದಿದ ಮೇಲೂ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಎದ್ದೇ ಏಳುತ್ತವೆ. ಮೊದಲನೆಯದು, ಒಂದು ಮನೆಯ ಮರ ಇನ್ನೊಂದಕ್ಕೆ ಆಗಿಬರುವುದಿಲ್ಲ ಎಂಬ ಭಯ. ಸಾವು ನೋವುಗಳನ್ನು ಕಾಣದ ಮನೆ ಲೋಕದಲ್ಲಿಲ್ಲ. ಮರಕ್ಕೆ ತಗಲುವ ದೋಷಗಳು ಗೆದ್ದಲು, ತೇವ, ಬಿರುಕು ಇವೇ. ಅವುಗಳನ್ನು ಕಣ್ಣಿನಿಂದಲೇ ನೋಡಬಹುದು. ಎರಡನೆಯದು, ಸತ್ಕಾರ್ಯಕ್ಕೆ ಕೊಡುವುದಾದರೆ ಹೊಸದನ್ನೇ ಕೊಡಬೇಕೆಂಬ ಸದ್ಭಾವ. ಇದು ಗೌರವಕ್ಕೆ ಯೋಗ್ಯವಾದ ಮಾತು. ಇದಕ್ಕೆ ನಮ್ಮ ವಿನಯಪೂರ್ವಕ ಉತ್ತರವಿಷ್ಟೆ: ತಾತ ಆರಿಸಿ ತಂದ ಸಾಗುವಾನಿಯ ಕಂಬಕ್ಕಿಂತ ಇಂದು ಪೇಟೆಯಲ್ಲಿ ಸಿಗುವ ಹಲಗೆ ಯಾವ ಬಗೆಯಲ್ಲಿ ಮೇಲು? ನಿಧಾನವಾಗಿ ಬೆಳೆದು ಬಲಿತ, ಹತ್ತಾರು ವರ್ಷ ಮನೆಯೊಳಗೇ ಒಣಗಿದ ಮರ ಇನ್ನು ಬಾಗುವುದಿಲ್ಲ, ಸೊಟ್ಟಗಾಗುವುದಿಲ್ಲ.

ಕೈಯ ಎಚ್ಚರಗಳೂ ಹಲವು. ಅನುಭವಿಗಳಿಂದ ತಿಳಿದುಬರುವ ಮುಖ್ಯ ಸಂಗತಿಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಕೆಡಹುವುದು ಬೇರೆ, ಕಳಚುವುದು ಬೇರೆ. ಯಂತ್ರದಿಂದ ಒಂದು ದಿನದಲ್ಲಿ ಕೆಡವಿದರೆ ಉಳಿಯುವುದು ರಾಶಿ. ಕಟ್ಟಿದ ಕ್ರಮವನ್ನು ಹಿಂದುಮುಂದಾಗಿಸಿ, ಮೊದಲು ಹಂಚು, ಆಮೇಲೆ ರೀಪು ತೊಲೆಗಳು, ಬಾಗಿಲು ಕಿಟಕಿಗಳು, ಕಡೆಗೆ ಗೋಡೆ ಎಂದು ಕೈಯಿಂದ ಬಿಚ್ಚಿದರೆ ವಾರಗಳು ಹಿಡಿಯಬಹುದು. ಆದರೆ ಕೂಲಿಯ ಹಣ ಊರಿನವರ ಕೈ ಸೇರುತ್ತದೆ, ಸಾಮಗ್ರಿ ಉಳಿಯುತ್ತದೆ. ಬಿಚ್ಚಿದ ತುಂಡುಗಳ ಮೇಲೆ ಅಂಕಿ ಬರೆದು, ಅಳತೆಯ ಪಟ್ಟಿಯೊಂದನ್ನು ಮಾಡಿದ ಮೇಲೆಯೇ ಹೊಸ ಕಟ್ಟಡದ ನಕ್ಷೆಗೆ ಕೈಹಾಕಬೇಕು.

ತೊಲೆಗಳಲ್ಲಿ ಮೊದಲು ಕೆಡುವುದು ಗೋಡೆಯೊಳಗೆ ಹುದುಗಿದ್ದ ತುದಿಗಳು. ಅವುಗಳನ್ನು ಕೊಯ್ದು ತೆಗೆದು ಉಳಿದುದನ್ನು ಬಳಸಬಹುದು. ಬಡಿದಾಗ ಟೊಳ್ಳು ದನಿ ಬಂದರೆ ಅಂಥ ತೊಲೆಯ ಮೇಲೆ ಭಾರ ಹಾಕಬಾರದು. ಗರಗಸಕ್ಕೆ ಕೊಡುವ ಮುನ್ನ ಒಳಗಿನ ಮೊಳೆಗಳನ್ನೆಲ್ಲ ಕೀಳಬೇಕು.

ಸುಣ್ಣದ ಗಾರೆಯಲ್ಲಿ ಇಲ್ಲವೆ ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಸಿಮೆಂಟಿನಲ್ಲಿ ಕಟ್ಟಿದುದು ಇಟ್ಟಿಗೆಯೊಡನೆಯೇ ಒಡೆಯುತ್ತದೆ. ಅದನ್ನು ತಳಪಾಯದ ತುಂಬುವಿಕೆಗೆ ಬಳಸುವುದು ಲೇಸು. ಎರಡು ಇಟ್ಟಿಗೆಗಳನ್ನು ತಾಗಿಸಿದಾಗ ಗಂಟೆಯಂಥ ನಾದ ಬಂದರೆ ಅದು ಚೆನ್ನಾಗಿ ಬೆಂದ ಇಟ್ಟಿಗೆ.

ಮಕ್ಕಳು ಕೂಡುವ ಕಟ್ಟಡದಲ್ಲಿ ಕೆಲವನ್ನು ಖಂಡಿತವಾಗಿ ಬಳಸಬಾರದು. ಹಳೆಯ ಕಲ್ನಾರಿನ ಶೀಟುಗಳು ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಹಳೆಯ ವಿದ್ಯುತ್ ತಂತಿಗಳು ಬೆಂಕಿಗೆ ಆಹ್ವಾನ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಬಾಗಿಲು ಕಿಟಕಿಗಳ ಬಣ್ಣವನ್ನು ಒಣದಾಗಿ ಕೆರೆಯದೆ, ಒದ್ದೆಮಾಡಿ, ಮಕ್ಕಳಿಂದ ದೂರದಲ್ಲಿ ತೆಗೆಯಬೇಕು. ಬಾಗಿದ ಕಬ್ಬಿಣದ ಸರಳುಗಳನ್ನು ನೆಟ್ಟಗೆ ಮಾಡಿ ಛಾವಣಿಗೆ ಹಾಕುವ ಉಳಿತಾಯ ಉಳಿತಾಯವಲ್ಲ. ಭಾರ ಹೊರುವ ಜಾಗಗಳಲ್ಲಿ ಇಂಜಿನಿಯರರ ಮಾತೇ ಕಡೆಯ ಮಾತಾಗಿರಲಿ.

ಇನ್ನೊಂದು ಮಾತು. ಪುಕ್ಕಟೆ ಬಂದ ಸಾಮಗ್ರಿ ಪುಕ್ಕಟೆ ಕಟ್ಟಡವನ್ನು ಕೊಡುವುದಿಲ್ಲ. ಸಾಗಾಟಕ್ಕೆ, ಶುದ್ಧಮಾಡಲಿಕ್ಕೆ, ಮಳೆಗೆ ನೆನೆಯದಂತೆ ಕೂಡಿಡಲಿಕ್ಕೆ ಖರ್ಚುಂಟು. ಕುಶಲ ಬಡಗಿಯ ದಿನಗಳು ಹೆಚ್ಚು ಬೇಕು. ಹಣದ ಜಾಗವನ್ನು ಜನರ ಶ್ರಮ ತುಂಬುತ್ತದೆ. ಶ್ರಮಕ್ಕೆ ಜನ ಸೇರದ ಊರಿನಲ್ಲಿ ಈ ದಾರಿ ಹಿಡಿಯದಿರುವುದೇ ಮೇಲು.

ಬಾಗಿಲು ತೆರೆದಿರಲಿ

ಕಟ್ಟಡ ಎದ್ದು ನಿಂತ ಮಾತ್ರಕ್ಕೆ ಜ್ಞಾನಮಂದಿರವಾಗುವುದಿಲ್ಲ. ಉದ್ಘಾಟನೆಯ ದಿನ ಮಾವಿನ ತೋರಣ, ಮರುವರ್ಷ ಬಾಗಿಲಿಗೆ ಬೀಗ. ಇದನ್ನು ನಾವು ಎಷ್ಟು ಊರುಗಳಲ್ಲಿ ಕಂಡಿಲ್ಲ! ಕಮಿಕತ್ಸುವಿನ ಕೇಂದ್ರ ಬದುಕಿರುವುದು ಅದರ ಏಳುನೂರು ಕಿಟಕಿಗಳ ಚೆಲುವಿನಿಂದಲ್ಲ. ಊರವರು ತಮ್ಮ ತೊಳೆದ ಸೀಸೆಗಳನ್ನು ಹಿಡಿದು ಅಲ್ಲಿಗೆ ಬರಲೇಬೇಕಾದ ಕೆಲಸವಿದೆ. ಬಂದವರು ನಾಲ್ಕು ಮಾತನಾಡಿ ಹೋಗುತ್ತಾರೆ. ಕಟ್ಟುವ ಮೊದಲೇ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಸಂಜೆ ದೀಪ ಹಚ್ಚುವವರು ಯಾರು? ಮಕ್ಕಳಿಗೆ ಪಾಠ ಹೇಳಲು ಬರುವ ನಿವೃತ್ತ ಶಿಕ್ಷಕರು ಯಾರು? ಕೂಲಿಗೆ ಹೋಗಿ ಬಂದ ತಾಯಿಗೆ ಅಕ್ಷರ ಕಲಿಸುವವರು ಯಾರು? ಇವರ ಹೆಸರುಗಳು ಸಿಕ್ಕ ಮೇಲೆ ಸಾಮಗ್ರಿ ಹುಡುಕುವುದು ಕಷ್ಟವಲ್ಲ.

ಆದುದರಿಂದ ನಮ್ಮ ಓದುಗ ಕುಟುಂಬಗಳಲ್ಲಿ ನಮ್ಮದೊಂದು ಸಣ್ಣ ಬಿನ್ನಹ. ಮುಂದಿನ ಸಲ ನಿಮ್ಮ ಮನೆಯನ್ನೋ, ನೆಂಟರ ಮನೆಯನ್ನೋ ಕೆಡಹುವ ಮಾತು ಬಂದಾಗ, ಲಾರಿಯನ್ನು ಕರೆಯುವ ಮೊದಲು ಒಂದು ದಿನ ತಡೆಯಿರಿ. ಮನೆಯ ಹಿರಿಯರನ್ನು ಕರೆದುಕೊಂಡು ಒಳಗೆ ಒಮ್ಮೆ ಸುತ್ತಿ ಬನ್ನಿ. ಯಾವ ಕಂಬ ಯಾವ ವರ್ಷ ಬಂದಿತು, ಆ ಬಾಗಿಲನ್ನು ಕೆತ್ತಿದ ಬಡಗಿ ಯಾವ ಊರಿನವನು ಎಂಬುದನ್ನು ಅವರು ಹೇಳಿದಂತೆ ಮಕ್ಕಳು ಬರೆದುಕೊಳ್ಳಲಿ. ಅನಂತರ ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು, ಗ್ರಂಥಾಲಯದವರನ್ನು ಕರೆದು, ಇದರಲ್ಲಿ ನಿಮಗೆ ಬೇಕಾದುದೇನಾದರೂ ಇದೆಯೇ ಎಂದು ಕೇಳಿರಿ. ಒಂದು 

ಬಾಗಿಲು, ಎರಡು ಕಿಟಕಿ, ನಾಲ್ಕು ಕಂಬ: ಒಂದು ಓದುವ ಕೊಠಡಿಗೆ ಇದಕ್ಕಿಂತ ಬಹಳವೇನೂ ಬೇಕಾಗದು.

ಆ ಬಾಗಿಲಿನಿಂದ ಮುಂದೆ ಯಾರ ಮಕ್ಕಳಾದರೂ ಒಳಗೆ ಬರಲಿ. ತಾತ ಮುತ್ತಾತಂದಿರು ಒಂದು ಮನೆತನಕ್ಕೆಂದು ನಿಲ್ಲಿಸಿದ ಬಾಗಿಲು ಊರಿಗೇ ತೆರೆದುಕೊಂಡರೆ, ಆ ಹಿರಿಯರ ಹೆಸರು ಉಳಿಸಲು ಬೇರೆ ಶಿಲಾಫಲಕದ ಅಗತ್ಯವಿಲ್ಲ.